ಶುಗರ್ ಮಾತ್ರೆಗೆ ಕ್ಯಾನ್ಸರ್ ವಾರ್ಡಿನಲ್ಲೇನು ಕೆಲಸ?

ಹಾಸನದ ಬಿಎಂ ರಸ್ತೆಯ ಯಾವ ಮೆಡಿಕಲ್ ಸ್ಟೋರಿಗೆ ಹೋದರೂ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಸಿಗುತ್ತದೆ. ಅಗ್ಗದ ಮಾತ್ರೆ. ದೊಡ್ಡಕರುಳಿನ ಕ್ಯಾನ್ಸರಿಗೆ ಕೊಡುವ ಕೀಮೋಗೆ ಇದು ಬಲ ತುಂಬಬಹುದೇ ಎಂದು ವಿಜ್ಞಾನಿಗಳು ವರ್ಷಗಳಿಂದ ಹುಡುಕುತ್ತಿದ್ದಾರೆ.

ಈ ಮಾತು ತೆಗೆದರೆ ಸಾಕು, "ಆ ಕೆಮಿಕಲ್ ಯಾಕೆ, ಲಕ್ಷ್ಮಣಫಲ ತಿನ್ನಿ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಆ ಹಣ್ಣು ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ ಎಂಬ ವಾಟ್ಸಾಪ್ ಮೆಸೇಜಿಗೆ ಸಾವೇ ಇಲ್ಲ. ಗಿಡದ ಮೇಲೆ ಅಷ್ಟು ನಂಬಿಕೆಯಿದ್ದರೆ ಮೆಟ್‌ಫಾರ್ಮಿನ್ ಜಾತಕವನ್ನೂ ನೋಡಿ. ಯುರೋಪಿನಲ್ಲಿ ಗಲೇಗಾ ಎಂಬ ಗಿಡವಿದೆ. ಅದರಲ್ಲಿರುವ ಗಲೇಗಿನ್ ರಕ್ತದ ಸಕ್ಕರೆ ಇಳಿಸುತ್ತದೆ. ಆದರೆ ವಿಷ, ಮೇದ ಕುರಿಗಳು ಸಾಯುತ್ತವೆ. ಅದೇ ಬಳಗದ ಮೆಟ್‌ಫಾರ್ಮಿನ್ ಅನ್ನು 1922ರಲ್ಲಿ ಡಬ್ಲಿನ್‌ನ ಎಮಿಲ್ ವರ್ನರ್ ಮತ್ತು ಜೇಮ್ಸ್ ಬೆಲ್ ತಯಾರಿಸಿದರು. 1957ರಲ್ಲಿ ಫ್ರೆಂಚ್ ವೈದ್ಯ ಜಾನ್ ಸ್ಟೆರ್ನ್ ಅದನ್ನು ಶುಗರ್ ರೋಗಿಗಳಿಗೆ ಕೊಟ್ಟ ವರದಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಫೈವ್ ಎಫ್‌ಯು ಎಂಬ ಕೀಮೋ ಔಷಧಿಯನ್ನು ಲೋಕಕ್ಕೆ ತೋರಿಸಿದರು. ಕರುಳಿನ ಕ್ಯಾನ್ಸರಿಗೆ ಇವತ್ತಿಗೂ ಅದೇ ಮುಖ್ಯ.

ಮೆಟ್‌ಫಾರ್ಮಿನ್ ಕೋಶದೊಳಗೆ ಮಾಡುವುದು ನನಗೆ ಬಲು ಇಷ್ಟದ ಸಂಗತಿ. ಅದು ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಾಗುವ ಮೊದಲ ಹಂತಕ್ಕೇ ಅಡ್ಡಗಾಲು ಹಾಕುತ್ತದೆ. ತೋಟದ ಪಂಪ್‌ಸೆಟ್ ನೆನೆಸಿಕೊಳ್ಳಿ. ವೋಲ್ಟೇಜ್ ಬಿದ್ದಾಗ ಸ್ಟಾರ್ಟರಿನ ರಿಲೇ ಟ್ರಿಪ್ ಆಗಿ ಮೋಟರ್ ನಿಲ್ಲುತ್ತದೆ, ಅಲ್ವಾ? ಕೋಶದಲ್ಲಿ ಆ ರಿಲೇಯ ಹೆಸರು ಎಎಂಪಿಕೆ. ಅದು ಟ್ರಿಪ್ ಆದರೆ ಎಂಟಾರ್ ಎಂಬ ಮೋಟರ್, ಅಂದರೆ ಬೆಳವಣಿಗೆಯ ಯಂತ್ರ, ನಿಧಾನವಾಗುತ್ತದೆ.

ಇಲ್ಲೊಂದು ಗಂಟಿದೆ. ಫೈವ್ ಎಫ್‌ಯು ಡಿಎನ್‌ಎಗೆ ಬೇಕಾದ ಸಾಮಗ್ರಿಯನ್ನೇ ತಡೆಯುತ್ತದೆ. ಹಾಗಾಗಿ ಅದರ ಏಟು ಬೀಳುವುದು ಮುಖ್ಯವಾಗಿ ಇಮ್ಮಡಿಯಾಗುತ್ತಿರುವ ಕೋಶಗಳಿಗೆ. ಮೆಟ್‌ಫಾರ್ಮಿನ್ ಬೆಳವಣಿಗೆಯನ್ನೇ ತಗ್ಗಿಸಿದರೆ ಕೀಮೋ ಹೊಡೆಯುವುದು ಯಾರನ್ನ? ಒಂದು ಉತ್ತರ ಹೀಗಿದೆ. ಕೀಮೋಗೆ ಬಗ್ಗದೆ ಉಳಿಯುವ ಎಷ್ಟೋ ಕೋಶಗಳು ಮೈಟೊಕಾಂಡ್ರಿಯಾವನ್ನೇ ಜಾಸ್ತಿ ನೆಚ್ಚಿಕೊಂಡಿರುತ್ತವೆ. ಡಿಎನ್‌ಎ ರಿಪೇರಿಗೂ ಶಕ್ತಿ ಬೇಕು. ಅಂಥ ಮೊಂಡು ಕೋಶಗಳಿಗೆ ಲ್ಯಾಬಿನಲ್ಲಿ ಫೈವ್ ಎಫ್‌ಯು, ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿಗಳ ಜತೆ ಮೆಟ್‌ಫಾರ್ಮಿನ್ ಹಾಕಿದಾಗ ಜಾಸ್ತಿ ಸತ್ತಿವೆ.

ಆದರೆ ಲ್ಯಾಬಿನ ತಟ್ಟೆಗೆ ಸುರಿಯುವ ಪ್ರಮಾಣ ಸಾಮಾನ್ಯವಾಗಿ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕರುಳಿನ ವಿಷಯದಲ್ಲಿ ಆಸೆ ಉಳಿದಿರುವುದಕ್ಕೆ ಒಂದು ಕಾರಣವಿದೆ: ಈ ಮಾತ್ರೆ ಕರುಳಿನ ಗೋಡೆಯಲ್ಲಿ ರಕ್ತಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಸೇರಿಕೊಳ್ಳುತ್ತದೆ. ಜಪಾನಿನಲ್ಲಿ ಕರುಳಿನ ಗಂಟು (ಪಾಲಿಪ್, ಮುಂದೆ ಕ್ಯಾನ್ಸರ್ ಆಗಬಹುದಾದದ್ದು) ತೆಗೆಸಿಕೊಂಡ, ಶುಗರ್ ಇಲ್ಲದ 151 ಜನರ ಮೇಲೆ ಪರೀಕ್ಷೆ ನಡೆಯಿತು. ದಿನಕ್ಕೆ 250 ಮಿಲಿಗ್ರಾಂ ಮೆಟ್‌ಫಾರ್ಮಿನ್ ತಿಂದವರಲ್ಲಿ ಒಂದು ವರ್ಷದ ಬಳಿಕ ಗಂಟು ಮತ್ತೆ ಕಾಣಿಸಿದ್ದು ಶೇ 38 ಮಂದಿಯಲ್ಲಿ. ಸುಮ್ನೆ ತೋರಿಕೆಯ ಮಾತ್ರೆ ತಿಂದವರಲ್ಲಿ ಶೇ 56.5. ಅದು 2016ರ ವರದಿ.

ಗಂಟು ತಡೆಯುವುದೇ ಬೇರೆ, ಹರಡಿದ ಕ್ಯಾನ್ಸರ್ ಬೇರೆ. ಅದೇ ವರ್ಷ ಬ್ರೆಜಿಲ್‌ನಲ್ಲಿ ಹಳೆಯ ಕೀಮೋ ಕೈಕೊಟ್ಟ 50 ರೋಗಿಗಳಿಗೆ ಫೈವ್ ಎಫ್‌ಯು ಜತೆ ಮೆಟ್‌ಫಾರ್ಮಿನ್ ಕೊಟ್ಟರು. ಎಂಟು ವಾರಗಳ ನಂತರ ರೋಗ ಮುಂದುವರಿಯದೆ ನಿಂತದ್ದು 11 ಜನರಲ್ಲಿ. ಹೋಲಿಸಲು ಬೇರೆ ಗುಂಪೇ ಇರಲಿಲ್ಲ. ಇನ್ನು ಸ್ತನ ಕ್ಯಾನ್ಸರಿನಲ್ಲಿ 3,649 ರೋಗಿಗಳ ದೊಡ್ಡ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಹೆಚ್ಚಿನವರ ವಿಷಯದಲ್ಲಿ ಲಾಭ ಕಾಣಲಿಲ್ಲ. ಹಾಗಾಗಿ "ಬಹುದು" ಎಂಬಲ್ಲಿಗೇ ನಾನು ನಿಲ್ಲುತ್ತೇನೆ.

ನಮ್ಮ ಕಡೆಯ ಎಷ್ಟೋ ಜನರಿಗೆ ಶುಗರ್ ಡಾಕ್ಟರು ಹಾಸನದಲ್ಲಿ, ಕೀಮೋ ಬೆಂಗಳೂರಿನ ಕಿದ್ವಾಯಿಯಲ್ಲಿ. ಫೈಲೂ ಎರಡು. ಕೀಮೋದಿಂದ ವಾಂತಿ ಭೇದಿ ಜಾಸ್ತಿಯಾಗಿ ಮೈ ನೀರು ಕಳಕೊಂಡರೆ ಕಿಡ್ನಿ ಸೋಲಬಹುದು. ಮೆಟ್‌ಫಾರ್ಮಿನ್ ಹೊರಹೋಗುವುದು ಕಿಡ್ನಿಯಿಂದಲೇ. ಅದು ಮೈಯಲ್ಲಿ ನಿಂತರೆ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯವಿದೆ. ಇದೇ ಬಳಗದ ಇನ್ನೊಂದು ಶುಗರ್ ಮಾತ್ರೆ ಫೆನ್‌ಫಾರ್ಮಿನ್ 1970ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದದ್ದು ಇದೇ ಕಾರಣಕ್ಕೆ. ಸ್ಕ್ಯಾನಿಗೆ ಡೈ ಕೊಡುವಾಗಲೂ ಕೆಲವರಿಗೆ ಮಾತ್ರೆ ನಿಲ್ಲಿಸುತ್ತಾರೆ. ಆದ್ದರಿಂದ ಶುಗರ್ ಚೀಟಿಯನ್ನು ಕೀಮೋ ಡಾಕ್ಟರಿಗೆ ತೋರಿಸಿ. ಶುಗರ್ ಇಲ್ಲದವರು ಇದನ್ನು ಓದಿ ಅಂಗಡಿಗೆ ಓಡಬೇಡಿ.