ಕಪಾಟಿಗಿಂತ ಮೊದಲು ರದ್ದಿ ಚೀಲ

ಊರಲ್ಲೊಂದು ಆರೋಗ್ಯ ಮಾಹಿತಿ ಗ್ರಂಥಾಲಯ ಮಾಡಬೇಕು, ಎಷ್ಟು ಪುಸ್ತಕ ಬೇಕು ಅಂತ ಕೇಳಿಕೊಂಡು ಆಗಾಗ ಯಾರಾದರೂ ಬರುತ್ತಾರೆ. ನಾನು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಗ್ರಂಥಪಾಲಕಿ. ಪುಸ್ತಕದ ಲೆಕ್ಕ ಆಮೇಲೆ ನೋಡೋಣ, ಮೊದಲು ಒಂದು ರದ್ದಿ ಚೀಲ ತನ್ನಿ ಅನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡುತ್ತಿರುವುದಿಲ್ಲ.

ನಮ್ಮಲ್ಲಿ ಆರೋಗ್ಯದ ಮೂಲೆ ಶುರುವಾದಾಗ ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಿದ್ದೆವು. ದಾನ ಬಂದ ಪುಸ್ತಕ, ಯಾವುದೋ ಶಿಬಿರದಲ್ಲಿ ಉಳಿದ ಕರಪತ್ರ, ಹಳೇ ಪೋಸ್ಟರ್. ಅದರಲ್ಲಿ ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಒಂದು ಚಂದದ ಕರಪತ್ರವೂ ಇತ್ತು. ಒಂದು ದಿನ ಒಬ್ಬರು ಅದನ್ನು ಓದಿ, ಲಸಿಕೆ ಹಾಕಿಸಿಕೊಳ್ಳಲು ಹೆಂಡತಿ ಮಕ್ಕಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಅಷ್ಟು ದೂರ ಆಟೋ ಮಾಡಿಕೊಂಡು. ಅಲ್ಲಿ ಲಸಿಕೆ ಇಲ್ಲ. ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಅಂತ 2022ರಲ್ಲೇ ಕೊಡುವುದನ್ನು ನಿಲ್ಲಿಸಿದ್ದರು. ಕರಪತ್ರ ಮಾತ್ರ ನನ್ನ ಕಪಾಟಿನಲ್ಲಿ ಕೂತು ಲಸಿಕೆಗೆ ಕರೆಯುತ್ತಲೇ ಇತ್ತು. ಅವರು ವಾಪಸ್ ಬಂದು ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಕಾದಂಬರಿ ಹಳತಾದರೆ ಯಾರಿಗೂ ನಷ್ಟವಿಲ್ಲ. ಆರೋಗ್ಯದ ಕಾಗದ ಹಳತಾದರೆ ಹಾಗಲ್ಲ. ಅವತ್ತಿನಿಂದ ನಮ್ಮಲ್ಲಿ ಪ್ರತಿ ಕರಪತ್ರದ ಹಿಂದೆ ಪೆನ್ಸಿಲಿನಲ್ಲಿ ಮೂರು ವಿಷಯ ಬರೆಯುತ್ತೇವೆ. ಯಾರು ಬರೆದಿದ್ದು, ಯಾವ ವರ್ಷ, ಅಚ್ಚು ಹಾಕಿಸಿದವರಿಗೆ ಮಾರುವ ಮಾಲು ಏನಾದರೂ ಇದೆಯಾ. ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಅದು ರದ್ದಿಗೆ. ವರ್ಷಕ್ಕೊಮ್ಮೆ, ಮಳೆ ಮುಗಿಯುತ್ತಿದ್ದ ಹಾಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಎದುರು ಇಡೀ ರಾಶಿ ಇಟ್ಟುಕೊಂಡು ಕೂರುತ್ತೇವೆ. ಎಂಥ ಪುಸ್ತಕ ಕೊಳ್ಳಬೇಕು ಅನ್ನುವುದು ಅದಾದ ಮೇಲಿನ ಮಾತು.

ಅದಕ್ಕೂ ಊರಿನ ಪ್ರಶ್ನೆಗಳೇ ದಾರಿ. ಕಪಾಟು ತರಿಸುವ ಮೊದಲು ಒಂದು ತಿಂಗಳು ಸುಮ್ನೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಜನ ಏನು ಕೇಳಿದರು, ಅವರದೇ ಮಾತಿನಲ್ಲಿ ಬರೆಯಿರಿ. ಆಶಾ ಕಾರ್ಯಕರ್ತೆಯನ್ನೂ ಕೇಳಿ, ಅವರ ಕಿವಿಗೆ ಬೀಳುವಷ್ಟು ನಮ್ಮ ಕಿವಿಗೆ ಬೀಳುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ವಿಂಗಡಿಸುವ ಡ್ಯೂಯಿ ಲೆಕ್ಕದಲ್ಲಿ ರೋಗಗಳಿಗೆ 616 ಅಂತ ಒಂದು ಸಂಖ್ಯೆ ಇದೆ. ನಮ್ಮ ಊರಿನವರು 616 ಹುಡುಕಿಕೊಂಡು ಬರುವುದಿಲ್ಲ. ಹಾಗಾಗಿ ಕಪಾಟಿನ ಮೇಲೆ ‘ಉಣುಗು ಕಚ್ಚಿದರೆ’, ‘ಹಾವು ಕಚ್ಚಿದರೆ’, ‘ಸಕ್ಕರೆ ಜಾಸ್ತಿ ಇದ್ದರೆ’ ಅಂತ ಬರೆದೆವು.

ಹೊರಗಿನಿಂದ ಬಂದ ಸಾಮಗ್ರಿ ಇಲ್ಲಿಗೆ ಎಷ್ಟು ಹೊಂದುತ್ತದೆ ಅನ್ನುವುದನ್ನೂ ನೋಡಬೇಕು. ಹಾವಿನ ಪೋಸ್ಟರುಗಳಲ್ಲಿ ನಾಲ್ಕೇ ಹಾವು ಇರುತ್ತವೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮಲ್ಲಿ ಸಿಗುವ ವಿಷದ ಮದ್ದು ಈ ನಾಲ್ಕಕ್ಕೇ ತಯಾರಾದದ್ದು. ಆದರೆ ಮಲೆನಾಡಿನ ತೋಟಗಳಲ್ಲಿ ಹಂಪ್ ನೋಸ್ಡ್ ಪಿಟ್ ವೈಪರ್ ಅನ್ನುವ ಪುಟ್ಟ ಮಂಡಲವೂ ಇದೆ, ಅದರ ವಿಷಕ್ಕೆ ಈ ಮದ್ದು ನಾಟುವುದಿಲ್ಲ. ಪೋಸ್ಟರಿನಲ್ಲಿ ಇಲ್ಲ ಅಂದಮೇಲೆ ವಿಷದ ಹಾವಲ್ಲ ಅಂತ ಯಾರಾದರೂ ಮನೆಯಲ್ಲೇ ಕೂತರೆ? ಅದಕ್ಕೆ ಪೋಸ್ಟರಿನ ಕೆಳಗೆ ನಾವೇ ಒಂದು ಚೀಟಿ ಅಂಟಿಸಿದ್ದೇವೆ. ಯಾವ ಹಾವೇ ಇರಲಿ, ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ.

ಇನ್ನು ರಿಜಿಸ್ಟರ್. ಇದನ್ನು ನಾನು ಕಲಿತದ್ದು ತಡವಾಗಿ. ಮೇಜಿನ ಮೇಲೆ ಉದ್ದನೆಯ ಪುಸ್ತಕ, ಅದರಲ್ಲಿ ಹೆಸರು, ಪುಸ್ತಕದ ಹೆಸರು, ಸಹಿ. ಎಲ್ಲ ಕಡೆ ಹಾಗೇ ಅಲ್ವಾ? ಒಬ್ಬ ಹೆಂಗಸು ವಾರಕ್ಕೆರಡು ಸಲ ಬಂದು ಅಡುಗೆ ಪುಸ್ತಕದ ಕಪಾಟಿನ ಮುಂದೆ ನಿಲ್ಲುತ್ತಿದ್ದರು. ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕಡೆಗೆ ಒಂದು ದಿನ ಯಾರೂ ಇಲ್ಲದ ಹೊತ್ತು ನೋಡಿ, ಬಿಳಿ ಸೆರಗಿನ ಬಗ್ಗೆ ಏನಾದರೂ ಇದೆಯಾ ಅಂದರು. ಇತ್ತು. ಪುಸ್ತಕ ಕೈಯಲ್ಲಿ ಹಿಡಿದರು, ರಿಜಿಸ್ಟರ್ ನೋಡಿದರು, ಪುಸ್ತಕ ಕೆಳಗಿಟ್ಟು ಹೋದರು. ಮೇಲಿನ ಸಾಲಿನಲ್ಲಿ ಪಕ್ಕದ ಮನೆಯವರ ಸಹಿ ಇತ್ತು.

ಈಗ ಆರೋಗ್ಯದ ಪುಸ್ತಕ ಒಯ್ಯುವವರು ಹೆಸರು ಬರೆಯಬೇಕಿಲ್ಲ. ಪ್ರತಿ ಪುಸ್ತಕಕ್ಕೆ ಒಂದು ನಂಬರಿನ ಬಿಲ್ಲೆ. ತೆಗೆದುಕೊಂಡು ಹೋದವರು ಬಿಲ್ಲೆಯನ್ನು ಡಬ್ಬಕ್ಕೆ ಹಾಕಿದರಾಯಿತು. ಕೆಲವು ಪುಸ್ತಕ ವಾಪಸ್ ಬಂದಿಲ್ಲ. ಲೆಕ್ಕ ತಪಾಸಣೆಗೆ ಬಂದವರು ಹುಬ್ಬು ಗಂಟಿಕ್ಕಿದರು. ನನಗೆ ಬೇಜಾರಿಲ್ಲ. ಆ ಪುಸ್ತಕ ಎಲ್ಲೋ ಓದಿಸಿಕೊಳ್ಳುತ್ತಿರುತ್ತದೆ. ಹಾಗಂತ ಕೌಂಟರಿನಲ್ಲಿ ಕೂತು ನಾನು ಡಾಕ್ಟರಾಗುವುದಿಲ್ಲ. ‘ಇದು ಕ್ಯಾನ್ಸರ್ ಇರಬಹುದಾ’ ಅಂದರೆ ಪುಸ್ತಕ ಕೊಡುತ್ತೇನೆ, ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ ಅನ್ನುತ್ತೇನೆ, ಉತ್ತರ ಮಾತ್ರ ಕೊಡುವುದಿಲ್ಲ.

ಉದ್ಘಾಟನೆಗೆ ಟೇಪು, ಹಾರ ಏನಾದರೂ ಮಾಡಿಕೊಳ್ಳಿ. ದಿನ ಮಾತ್ರ ನೋಡಿ ಇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಇವತ್ತಿಗೂ ಡಿಸೆಂಬರ್‌ನಿಂದ ಮೇವರೆಗೆ ಜೋರು. ಮಾಹಿತಿ ಅದಕ್ಕೂ ಮೊದಲೇ ಜನರ ಕೈಯಲ್ಲಿರಬೇಕು. ಆದರೆ ಆ ಹೊತ್ತಿಗೆ ಅಡಿಕೆ ಗೊನೆ ಕೊಯ್ಲು. ಗ್ರಂಥಾಲಯಕ್ಕೆ ಒಂದು ನರಪಿಳ್ಳೆ ಬರುವುದಿಲ್ಲ.

ಹಾಗಾಗಿ ನಾವೇ ಅಡಿಕೆ ಸುಲಿಯುವಲ್ಲಿಗೆ ಹೋಗುತ್ತೇವೆ. ರಾತ್ರಿ ಲೈಟಿನ ಕೆಳಗೆ ಹತ್ತು ಹದಿನೈದು ಜನ ಮೆಟ್ಟುಕತ್ತಿಯ ಮುಂದೆ ಕೂತಿರುತ್ತಾರೆ. ಕೈಗೆ ಕೆಲಸ, ಕಿವಿ ಖಾಲಿ. ಒಬ್ಬರು ಓದುತ್ತಾರೆ: ದರಗು (ಒಣ ಎಲೆ) ತರಲು ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಸುದ್ದಿ ಕೊಡಿ. ಕಪಾಟಿನಲ್ಲಿ ಒಂದು ವರ್ಷ ಕೂತ ಕರಪತ್ರಕ್ಕಿಂತ ಇಲ್ಲಿ ಅರ್ಧ ಗಂಟೆ ಓದಿದ್ದು ಜಾಸ್ತಿ ತಲುಪುತ್ತದೆ.

ಕಳೆದ ಸಲ ಅಲ್ಲೇ ಒಬ್ಬ ಹುಡುಗಿ ಕೇಳಿದಳು, ಅಡಿಕೆ ತಿಂದರೆ ಕ್ಯಾನ್ಸರ್ ಬರುತ್ತದಂತೆ, ಹೌದಾ? ಎಲ್ಲರ ಕತ್ತಿಯೂ ಒಂದು ಕ್ಷಣ ನಿಂತಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿನಲ್ಲಿ ಇಟ್ಟಿತು. ಆ ಹಾಳೆ ನಮ್ಮ ಕಪಾಟಿನಲ್ಲಿದೆ. ತೆಗೆಯಿರಿ ಅಂತ ಊರಿನ ದೊಡ್ಡವರೊಬ್ಬರು ಹೇಳಿದ್ದೂ ಇದೆ. ತೋಟ ನಮ್ಮ ಮನೆಗೂ ಇದೆ, ಆದರೂ ತೆಗೆದಿಲ್ಲ. ಹುಡುಗಿಗೆ ಅದನ್ನೇ ಓದಿ ಹೇಳಿದೆ. ಯಾರೂ ಏನೂ ಅನ್ನಲಿಲ್ಲ, ಮತ್ತೆ ಸುಲಿಯಲು ಶುರು ಮಾಡಿದರು. ಮರುದಿನ ಆ ಕಪಾಟಿನಲ್ಲಿದ್ದ ಆರು ಪ್ರತಿಯಲ್ಲಿ ಎರಡೇ ಉಳಿದಿದ್ದವು.