ಫಿಡೇಯಿಸಂ: ಚರ್ಚೇ ಒಪ್ಪದ ‘ಸುಮ್ನೆ ನಂಬು’

“ದೇವರ ವಿಷಯದಲ್ಲಿ ತರ್ಕ ಬೇಡ, ಸುಮ್ನೆ ನಂಬು.” ಕ್ರೈಸ್ತ ಧರ್ಮ ಹೇಳುವುದು ಇದನ್ನೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಈ ನಿಲುವಿಗೆ ಫಿಡೇಯಿಸಂ ಎಂಬ ಹೆಸರಿದೆ. ದೇವರನ್ನು ತಿಳಿಯಲು ನಂಬಿಕೆಯೊಂದೇ ದಾರಿ, ಬುದ್ಧಿಗೆ ಅಲ್ಲಿ ಕೆಲಸವಿಲ್ಲ ಎನ್ನುವ ವಾದ ಇದು. ತಮಾಷೆ ಏನಂದರೆ, ಕ್ಯಾಥೊಲಿಕ್ ಚರ್ಚ್ ಇದನ್ನು ತಪ್ಪು ಅಂತ ತಳ್ಳಿಹಾಕಿದೆ.

19ನೇ ಶತಮಾನದಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಲೂಯಿ ಬೋತೆನ್ ಎಂಬ ಪಾದ್ರಿ ಇದ್ದರು. ತತ್ವಶಾಸ್ತ್ರದ ಮೇಷ್ಟ್ರೂ ಹೌದು. ದೇವರಿದ್ದಾನೆ ಅಂತ ತರ್ಕದಿಂದ ಸಾಧಿಸಲಾಗದು ಎಂದು ಜರ್ಮನಿಯ ತತ್ವಜ್ಞಾನಿ ಕಾಂಟ್ ಆಗಲೇ ವಾದಿಸಿದ್ದರು. ಬೋತೆನ್‌ಗೆ ಅದು ಸರಿ ಅನ್ನಿಸಿತು. ಹಾಗಾದರೆ ದೇವರೇ ತಿಳಿಸಿಕೊಟ್ಟದ್ದನ್ನು ನಂಬುವುದೊಂದೇ ಉಳಿದ ದಾರಿ ಎಂದರು. ನಾಸ್ತಿಕರ ವಾದಕ್ಕೆ ಆಮೇಲೆ ಹೆದರಬೇಕಾಗಿಯೇ ಇಲ್ಲ, ಅಲ್ವಾ?

ಅಲ್ಲಿನ ಬಿಷಪ್ ಒಪ್ಪಲಿಲ್ಲ. ತಕರಾರು ರೋಮ್ ತನಕ ಹೋಯಿತು. ಕೊನೆಗೆ 1840ರಲ್ಲಿ ಬೋತೆನ್ ಒಂದು ಹೇಳಿಕೆಗೆ ಸಹಿ ಹಾಕಬೇಕಾಯಿತು. ದೇವರಿದ್ದಾನೆ ಎಂದು ಬುದ್ಧಿ ಖಚಿತವಾಗಿ ಸಾಧಿಸಬಲ್ಲದು ಎಂಬುದು ಅದರ ಮೊದಲ ಮಾತು. ಕಾರಣವೂ ಅಲ್ಲೇ ಇದೆ. ನಂಬಿಕೆ ಹುಟ್ಟುವುದು ದೇವರು ತನ್ನನ್ನು ತಿಳಿಸಿದ ಮೇಲೆ. ಹಾಗಾಗಿ ನಾಸ್ತಿಕನ ಮುಂದೆ ಆ ನಂಬಿಕೆಯನ್ನೇ ಸಾಕ್ಷಿಯಾಗಿ ಇಡಲಾಗದು. “ಬೈಬಲ್ ದೇವರ ಮಾತು, ಅದಕ್ಕೇ ನಂಬು” ಅಂದರೆ ಅವನು ಸುಮ್ಮನಿರುತ್ತಾನೆಯೇ? “ದೇವರಿದ್ದಾನೆ ಅಂತ ಮೊದಲು ತೋರಿಸಿ” ಅನ್ನುತ್ತಾನೆ. ವಾದ ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತುತ್ತದೆ.

1870ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳೆಲ್ಲ ಸೇರಿದ್ದ ಮೊದಲ ವ್ಯಾಟಿಕನ್ ಮಹಾಸಭೆ ಇನ್ನೂ ಮುಂದೆ ಹೋಯಿತು. ಸೃಷ್ಟಿಯನ್ನು ನೋಡಿ, ಮನುಷ್ಯ ಬುದ್ಧಿಯ ಬೆಳಕಿನಿಂದಲೇ ದೇವರನ್ನು ಖಚಿತವಾಗಿ ಅರಿಯಬಹುದು ಎಂದು ಸಾರಿತು. ಇದನ್ನು ಅಲ್ಲಗಳೆದವರಿಗೆ ಬಹಿಷ್ಕಾರ! ಬುದ್ಧಿಗೆ ಅಷ್ಟು ಶಕ್ತಿ ಇದೆ ಎಂಬುದನ್ನೂ ಚರ್ಚಿನ ಮಾತಿನ ಮೇಲೆ ನಂಬಬೇಕಾದ ಸ್ಥಿತಿ. ನನಗಂತೂ ಇದನ್ನು ಓದಿದಾಗಲೆಲ್ಲ ನಗು ಬರುತ್ತದೆ.

ಹಾಗಂತ ಎಲ್ಲವೂ ಬುದ್ಧಿಗೆ ಸಿಕ್ಕುತ್ತದೆ ಎಂದು ಚರ್ಚ್ ಹೇಳುವುದಿಲ್ಲ. 13ನೇ ಶತಮಾನದಲ್ಲೇ ಥಾಮಸ್ ಅಕ್ವಿನಾಸ್ ಎಂಬ ಕ್ಯಾಥೊಲಿಕ್ ಚಿಂತಕರು ಒಂದು ಗೆರೆ ಎಳೆದಿದ್ದರು. ದೇವರಿದ್ದಾನೆ ಎಂಬುದು ಬುದ್ಧಿಗೆ ಎಟುಕುತ್ತದೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದು ಎಟುಕುವುದಿಲ್ಲ. ಆದರೆ ಎಟುಕದ್ದೆಲ್ಲ ಬುದ್ಧಿಗೆ ವಿರುದ್ಧ ಅಂತಲ್ಲ. ಫಿಡೇಯಿಸಂ ಬಗ್ಗೆ ಮಾತಾಡುವವರು ಜಾಸ್ತಿ ಮರೆಯುವುದು ಈ ವ್ಯತ್ಯಾಸವನ್ನೇ.

ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಪ್ರೊಟೆಸ್ಟೆಂಟರಲ್ಲಿ ಈ ಹಣೆಪಟ್ಟಿ, ಆ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್‌ಗೂ ಅಂಟುವುದುಂಟು. ತರ್ಕವನ್ನು ಅವರು ಬಾಯಿಗೆ ಬಂದಂತೆ ಬೈದದ್ದು ನಿಜ. ಆದರೆ 1521ರಲ್ಲಿ ಜರ್ಮನಿಯ ವೋರ್ಮ್ಸ್ ನಗರದಲ್ಲಿ ತಮ್ಮ ಬರಹಗಳ ಬಗ್ಗೆ ನಡೆದ ವಿಚಾರಣೆಯಲ್ಲಿ ಅವರೇ, ಬೈಬಲ್‌ನಿಂದಲೋ ಸ್ಪಷ್ಟ ತರ್ಕದಿಂದಲೋ ತಮ್ಮ ತಪ್ಪು ತೋರಿಸದ ಹೊರತು ಬರೆದದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದಿದ್ದರು.