ಬಳುಕುವ ಚಮಚ ಬೇರೆ, ಬಾಗುವ ಚಮಚ ಬೇರೆ

ತುಮಕೂರಿನ ಮಂಡಿಪೇಟೆಯಲ್ಲಾಗಲಿ ಚಿಕ್ಕಬಳ್ಳಾಪುರದ ಬಜಾರ್ ರಸ್ತೆಯಲ್ಲಾಗಲಿ, ಚಮಚ ಬಗ್ಗಿಸುವ ಆಟಕ್ಕೆಂದು ಪಾತ್ರೆ ಅಂಗಡಿಗೆ ಬರುವ ಹೊಸ ಜಾದೂಗಾರರನ್ನು ಗುರುತಿಸುವುದು ಸುಲಭ. ಚಮಚ ಎತ್ತಿಕೊಂಡು ಹಿಡಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಸ್ವಲ್ಪ ಬಳುಕಿತೋ, "ಇದೇ ಕೊಡಿ ಅಣ್ಣ, ಎರಡು ಡಜನ್" ಅಂತ ಕಟ್ಟಿಸಿಕೊಂಡು ಹೋಗುತ್ತಾರೆ. ಕಾರ್ಯಕ್ರಮದ ದಿನ ಆ ಚಮಚ ವೇದಿಕೆಯ ಮೇಲೆ ಜಪ್ಪಯ್ಯ ಅಂದರೂ ಬಾಗುವುದಿಲ್ಲ, ಇಲ್ಲವೇ ಮುಂದಿನ ಸಾಲಿನ ಹುಡುಗನ ಕೈಯಲ್ಲೇ ಬಾಗಿ ಮಾನ ಕಳೆಯುತ್ತದೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: "ಯಾವ ಬ್ರ್ಯಾಂಡ್ ತಗೊಳ್ಳಬೇಕಿತ್ತು ಸಾರ್?"

ಇದು ಬ್ರ್ಯಾಂಡಿನ ಮಾತಲ್ಲ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ತಿಳಿಯುವುದು ಚಮಚ ಎಷ್ಟು ಬಳುಕಿ ವಾಪಸ್ ಬರುತ್ತದೆ ಅನ್ನುವುದು ಮಾತ್ರ. ಬಾಗಿದ್ದು ಬಾಗಿದಂತೆ ನಿಲ್ಲುತ್ತದೆಯೇ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಹ್ಯಾಕ್ಸಾ ಬ್ಲೇಡನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟರೆ ನೆಟ್ಟಗೆ ನಿಲ್ಲುತ್ತದೆ. ಕಂಬಿ ಕಟ್ಟುವ ತಂತಿಯನ್ನು ಬಗ್ಗಿಸಿದರೆ ಬಗ್ಗಿದಲ್ಲೇ ಇರುತ್ತದೆ. ಎರಡೂ ಉಕ್ಕೇ. ಆಕಾರವೂ ದಪ್ಪವೂ ಒಂದೇ ಆಗಿದ್ದರೆ ಯಾವ ದರ್ಜೆಯ ಉಕ್ಕಾದರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬಳುಕುತ್ತದೆ. ಯಾವ ಬಲಕ್ಕೆ ಶಾಶ್ವತವಾಗಿ ಬಾಗುತ್ತದೆ ಅನ್ನುವುದರಲ್ಲಿ ಮಾತ್ರ ದರ್ಜೆ ದರ್ಜೆಗೆ ಅಜಗಜಾಂತರ. ನಮಗೆ ಬೇಕಿರುವುದು ಈ ಎರಡನೆಯದು. ಇಷ್ಟು ಹೇಳಿದ ಮೇಲೂ ಮುಂದಿನ ಸಲ ಅಂಗಡಿಗೆ ಹೋದಾಗ ಹೆಬ್ಬೆರಳು ತಾನಾಗಿಯೇ ಹಿಡಿಯ ತುದಿಗೆ ಹೋಗುತ್ತದೆ. ದಯವಿಟ್ಟು ಆ ಬೆರಳನ್ನು ಜೇಬಿನಲ್ಲಿಟ್ಟುಕೊಳ್ಳಿ.

ಹಿಡಿ ಎಷ್ಟು ಅಗಲ, ತುದಿಯಲ್ಲಿ ಎಂಥ ಹೂವಿನ ಚಿತ್ತಾರ ಎಂದು ನೋಡುತ್ತಾ ಕೂರಬೇಡಿ. ನೋಡಬೇಕಾದ್ದು ಕತ್ತು, ಅಂದರೆ ಬಟ್ಟಲು ಮುಗಿದು ಹಿಡಿ ಶುರುವಾಗುವ ಕಿರಿದಾದ ಜಾಗ. ಅಲ್ಲಿ ಅಗಲ ದುಪ್ಪಟ್ಟಾದರೆ ಬಾಗಿಸಲು ಎರಡು ಪಟ್ಟು ಬಲ ಸಾಕು, ದಪ್ಪ ದುಪ್ಪಟ್ಟಾದರೆ ನಾಲ್ಕು ಪಟ್ಟು ಬೇಕು. 1.5 ಮಿ.ಮೀ. ದಪ್ಪದಿಂದ 2 ಮಿ.ಮೀ.ಗೆ ಹೋದರೂ ಬಲ ಮುಕ್ಕಾಲು ಪಾಲು ಏರುತ್ತದೆ. ಬರಿಗಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಇದ್ದರೆ ಸರಿ. ಇಲ್ಲವಾದರೆ ಜೆರಾಕ್ಸ್ ಅಂಗಡಿಯ 80 ಜಿ.ಎಸ್.ಎಂ. ಹಾಳೆ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. ಹದಿನೈದಿಪ್ಪತ್ತು ಹಾಳೆ ಒತ್ತಾಗಿ ಜೋಡಿಸಿ ಕತ್ತಿನ ಪಕ್ಕ ಹಿಡಿದರೆ ಅಂದಾಜು ಸಿಗುತ್ತದೆ. ಕತ್ತು 6 ಮಿ.ಮೀ. ಆಸುಪಾಸು ಅಗಲ, 1.5ರಿಂದ 2 ಮಿ.ಮೀ. ದಪ್ಪ ಇರುವ, ಒಟ್ಟು 17–19 ಸೆಂ.ಮೀ. ಉದ್ದದ ಊಟದ ಚಮಚದಿಂದ ಶುರುಮಾಡಿ. ಟೀ ಚಮಚದ ಹಿಡಿ ಗಿಡ್ಡ, ಕೈಗೆ ಹಿಡಿತ ಸಿಗುವುದಿಲ್ಲ. ಅಗ್ಗದ ಚಮಚಗಳಲ್ಲಿ ಹಿಡಿಯ ಉದ್ದಕ್ಕೂ ಒಂದು ಏಣು ಒತ್ತಿರುತ್ತಾರೆ, ತೆಳು ತಗಡಿಗೆ ಬಲ ಬರಲಿ ಅಂತ. ಆ ಏಣು ಕತ್ತಿನವರೆಗೆ ಇಳಿದಿದ್ದರೆ ಬಿಟ್ಟುಬಿಡಿ. ಅದು ಮೊದಲು ಜಗ್ಗುವುದಿಲ್ಲ, ಆಮೇಲೆ ಒಮ್ಮೆಲೇ ಮಡಿಸಿಕೊಳ್ಳುತ್ತದೆ. ನಿಧಾನವಾಗಿ ಕರಗಿದಂತೆ ಬಾಗುವ ಸೊಗಸು ಅದಕ್ಕಿಲ್ಲ.

ಡಜನ್ ಕೊಳ್ಳುವ ಮುಂಚೆ ಅದೇ ಡಬ್ಬದಿಂದ ಎರಡು ಕೊಂಡು, ಒಂದನ್ನು ಬಲಿ ಕೊಡಿ. ಬಟ್ಟಲು ಭಾಗವನ್ನು ಎರಡು ಮರದ ತುಂಡುಗಳ ನಡುವೆ ಸಿಕ್ಕಿಸಿ, ಕತ್ತು ಮೇಜಿನ ಅಂಚಿಗೆ ಸರಿಯಾಗಿ ಬರುವಂತೆ ಸಿ-ಕ್ಲ್ಯಾಂಪ್ ಬಿಗಿಯಿರಿ. ಕತ್ತಿನಿಂದ 10 ಸೆಂ.ಮೀ. ಅಳೆದು ಹಿಡಿಗೆ ಟೇಪ್ ಸುತ್ತಿ, ಅಲ್ಲಿಂದ ದಾರದಲ್ಲಿ ನೀರಿನ ಬಾಟಲಿ ತೂಗುಬಿಡಿ. ಟೇಪ್ ಇಲ್ಲದಿದ್ದರೆ ದಾರ ಜಾರುತ್ತದೆ, ಬಾಟಲಿ ಕಾಲ ಮೇಲೆ ಬೀಳುತ್ತದೆ. ಅರ್ಧ ಲೀಟರ್ ತೂಗಿಸಿ, ಅರ್ಧ ನಿಮಿಷ ಬಿಟ್ಟು ತೆಗೆದು, ಎರಡನೇ ಚಮಚದ ಪಕ್ಕ ಗಾಜಿನ ಮೇಲಿಟ್ಟು ಹೋಲಿಸಿ. ಆಕಾರ ಬದಲಾಗಿರಬಾರದು. ಎರಡು ಲೀಟರಿಗೆ ಖಂಡಿತ ಬಾಗಿ ನಿಂತಿರಬೇಕು. ಈ ಎರಡರ ಮಧ್ಯೆ ಎಲ್ಲಿ ಸೋತರೂ ಆ ಡಬ್ಬ ನಿಮ್ಮದು. ಅರ್ಧ ಲೀಟರಿಗೇ ಸೋತರೆ ಪ್ರೇಕ್ಷಕರ ಕೈಗೆ ಕೊಡಲಾಗದು. ಹಾಗಂತ ಪಾಸಾದ ಚಮಚ ಗರಡಿಯ ಪೈಲ್ವಾನರ ಕೈಗೂ ತಡೆದೀತು ಎಂದು ತಿಳಿಯಬೇಡಿ. ನೋಡಿ, ತಟ್ಟಿ, ಮೆಲ್ಲಗೆ ಮಣಿಸಿ ವಾಪಸ್ ಕೊಡುವ ಸಾಮಾನ್ಯ ಪ್ರೇಕ್ಷಕರಿಗೆ ಈ ಅಳತೆ. ಎರಡೂ ಕೈಯಲ್ಲಿ ಬಲವಾಗಿ ಬಗ್ಗಿಸಹೊರಟವರನ್ನು ಮಾತಿನಲ್ಲೇ ತಡೆಯುವುದು ನಿಮ್ಮ ಕಸುಬು. ಬಾಗಿಸುವ ಗುಟ್ಟನ್ನು ಇಲ್ಲಿ ಬರೆಯುವುದಿಲ್ಲ, ಅದು ಗುರುವಿನಿಂದ ಕಲಿಯುವಂಥದ್ದು.

ಮ್ಯಾಗ್ನೆಟ್ ಹಿಡಿದು ನೋಡುವ ಚಟ ಇನ್ನೊಂದಿದೆ. "ಮ್ಯಾಗ್ನೆಟ್ ಅಂಟಿದರೆ ಡೂಪ್ಲಿಕೇಟ್" ಅನ್ನುವುದು ಅಡುಗೆಮನೆಯ ನಂಬಿಕೆ. ಅಂಟುವ ತೆಳು ಚಮಚ ಸಾಮಾನ್ಯವಾಗಿ 430 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಅದರಲ್ಲಿ ನಿಕ್ಕಲ್ ಇರುವುದಿಲ್ಲ, ಬಗ್ಗಿಸಿದಷ್ಟಕ್ಕೆ ಸುಮಾರಾಗಿ ನಿಲ್ಲುತ್ತದೆ, ನಮ್ಮ ಕೆಲಸಕ್ಕೆ ಒಳ್ಳೆಯದೇ. 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ 304 ಕೂಡ ಆಗುತ್ತದೆ. ತೊಂದರೆ ಕೊಡುವುದು ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 200 ಸರಣಿ. ಅದಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ, ಹೊಳಪೂ 304ರಂತೆಯೇ, ಆದರೆ ಗಡಸು ಜಾಸ್ತಿ. ಹಾಗಾಗಿ ಮ್ಯಾಗ್ನೆಟ್ಟಿಗಿಂತ ಬಾಟಲಿಯನ್ನು ನಂಬಿ. ಊಟದ ಚಾಕುವಿನ ತಂಟೆಗಂತೂ ಹೋಗಬೇಡಿ. ಅದರ ಅಲಗು ಕಾಯಿಸಿ ಗಡಸು ಮಾಡಿದ ಉಕ್ಕು, ಬಾಗುವ ಬದಲು ಸಿಡಿಯಬಹುದು.

ಅಲ್ಯೂಮಿನಿಯಂ ಕೈಗೆ ಬಂದ ಕೂಡಲೇ ಹಗುರ ಅನ್ನಿಸುತ್ತದೆ, ಅಜ್ಜಿಯೂ ಗುಟ್ಟು ಹಿಡಿಯುತ್ತಾರೆ. ಗ್ಯಾಲಿಯಂ ಎಂಬ ಲೋಹದ ಚಮಚ 29.76 ಡಿಗ್ರಿಗೆ ಕರಗುತ್ತದೆ. ಪಾವಗಡದ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ಪೆಟ್ಟಿಗೆಯಲ್ಲೇ ಪಾಯಸ. ಪೆಟ್ಟಿಗೆ ಅಲ್ಯೂಮಿನಿಯಂನದ್ದಾದರೆ ಅದನ್ನೂ ತಿಂದುಹಾಕುತ್ತದೆ. ಫೋರ್ಕು ನಮ್ಮ ಹಳ್ಳಿ ಶಾಲೆಗಳಲ್ಲಿ ಕೆಲಸ ಮಾಡುವುದಿಲ್ಲ. ಅದು ಎಷ್ಟು ಗಟ್ಟಿ ಇರಬೇಕೆಂದು ಗೊತ್ತಿಲ್ಲದವರಿಗೆ ಬಾಗಿದರೆ ಬೆರಗೇನು? ಚಮಚ ಮಾತ್ರ ಎಲ್ಲರ ಅನುಭವದಲ್ಲೂ ಇದೆ. ಪೂಜೆಯ ಉದ್ಧರಣೆ ಎಷ್ಟೇ ಮೆತ್ತಗಿರಲಿ, ಮುಟ್ಟಬೇಡಿ. ಕಾರಣ ಹೇಳಬೇಕಿಲ್ಲ.

ಬಾಗಿದ ಚಮಚವನ್ನು ನೆಟ್ಟಗೆ ಮಾಡಿ ಮತ್ತೆ ಬಳಸುವ ಜಿಪುಣತನ ಬೇಡ. ಒಮ್ಮೆ ಬಾಗಿದ ಜಾಗ ಗಡಸಾಗುತ್ತದೆ. ಮುಂದಿನ ಸಲ ಬಾಗು ಅದರ ಆಚೆ ಈಚೆ ಬಿದ್ದು ಕತ್ತು ಹಾವಿನಂತೆ ಡೊಂಕಾಗುತ್ತದೆ, ಪದೇ ಪದೇ ಮಾಡಿದರೆ ಬಿರುಕು ಬಿಡುತ್ತದೆ. ಗ್ಯಾಸ್ ಒಲೆಯಲ್ಲಿ ಕಾಯಿಸಿ ಮೆತ್ತಗೆ ಮಾಡುತ್ತೇವೆ ಎನ್ನುವವರಿದ್ದಾರೆ. 304 ನಿಜವಾಗಿ ಮೆತ್ತಗಾಗಲು 1,000 ಡಿಗ್ರಿ ದಾಟಬೇಕು. ಒಲೆಯಲ್ಲಿ ಸಿಗುವುದು ನೀಲಿ ಕಲೆಯಷ್ಟೇ. ಅಂಗಡಿಯಲ್ಲಿ ಹೆಸರು ಕೊರೆಸುವುದಾದರೆ ಹಿಡಿಯ ತುದಿಯಲ್ಲಿ ಕೊರೆಸಿ. ಕತ್ತಿನ ಹತ್ತಿರ ಕೊರೆದ ಗೆರೆಯಿಂದಲೇ ಬಿರುಕು ಹೊರಡುತ್ತದೆ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಕೂತಾಗ ಅಲ್ಲಿಯ ಚಮಚದಲ್ಲೇ ಮಾಡಿ ತೋರಿಸುವ ಆಸೆ ಸಹಜ. ಆದರೆ ಅದೇ ಬಗೆಯ ಚಮಚವನ್ನು ಮೊದಲೇ ಪರೀಕ್ಷಿಸಿರಬೇಕು, ಮಾಲೀಕರನ್ನು ಕೇಳಿ ದುಡ್ಡು ಕೊಟ್ಟಿರಬೇಕು. ಪರಿಚಯವಿಲ್ಲದ ಚಮಚದ ಮುಂದೆ ದೊಡ್ಡವರೂ ಸೋತಿದ್ದಾರೆ. ಚಮಚ ಬಗ್ಗಿಸುವುದರಲ್ಲೇ ಹೆಸರಾದ ಯೂರಿ ಗೆಲ್ಲರ್ 1973ರಲ್ಲಿ ಅಮೆರಿಕದ ಜಾನಿ ಕಾರ್ಸನ್ನರ ಟಿ.ವಿ. ಕಾರ್ಯಕ್ರಮಕ್ಕೆ ಬಂದಾಗ, ಜಾದೂಗಾರ ಜೇಮ್ಸ್ ರ‍್ಯಾಂಡಿಯ ಸಲಹೆಯಂತೆ ಸಾಮಾನುಗಳನ್ನೆಲ್ಲ ಕಾರ್ಯಕ್ರಮದವರೇ ತಂದಿಟ್ಟಿದ್ದರು. ಗೆಲ್ಲರ್ ಕೈಯಲ್ಲಿ ಅಂದು ಏನೂ ನಡೆಯಲಿಲ್ಲ. ತಮ್ಮದು ಅತೀಂದ್ರಿಯ ಶಕ್ತಿ ಎಂದು ಅವರು ಹೇಳಿಕೊಂಡಿದ್ದರು. ನೀವು ಹಾಗೆ ಹೇಳಬೇಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳ ಪರೀಕ್ಷೆಗೆಂದೇ ಸಮಿತಿ ಮಾಡಿದ್ದರು. ಅವರ ಸೀಮೆಯಲ್ಲಿ ನಿಂತು ಚಮಚ ಬಗ್ಗಿಸುವಾಗ "ಇದು ಕೈಚಳಕ" ಎಂದು ಮೊದಲೇ ಹೇಳುವುದು ಮರ್ಯಾದೆ.

ಮುರಿಯುವ ಆಟವಾದರೆ ಮುಂದಿನ ಸಾಲನ್ನು ಎರಡು ಮೀಟರ್ ಹಿಂದೆ ಕೂರಿಸಿ. ಮುರಿದ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಯಾರ ಕೈಗೂ ಕೊಡಬೇಡಿ. ತುಂಡುಗಳನ್ನು ಎಣಿಸಿ ಡಬ್ಬಕ್ಕೆ ಹಾಕಿಕೊಂಡೇ ವೇದಿಕೆ ಇಳಿಯಿರಿ, ಶಾಲೆಯ ಮೈದಾನದಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿರುತ್ತಾರೆ.